‘ಕ್ರೆಮೋನಾ’ ಎಂಬ ಹೆಸರಿನ ಹಳೆಯ ಗಿಟಾರ್: ಇದನ್ನು ಮಾಡಿದವರು ಯಾರು?

ಅಂತರಗಂಗೆ (ಕೋಲಾರ)

ನಮ್ಮ ಮನೆಯಲ್ಲಿರುವ ಹಳೆಯ ಗಿಟಾರೊಂದರ ಮೂಲ ತಿಳಿಯಬೇಕೆಂದು ಈ ಪ್ರಶ್ನೆ ಕೇಳುತ್ತಿದ್ದೇನೆ. ಪ್ರಶ್ನೆ ಸ್ವಲ್ಪ ದೀರ್ಘವಾಗಿದೆ. ನನಗೆ ಗೊತ್ತಿರುವುದನ್ನೆಲ್ಲ ಹೇಳದೆ ಹೋದರೆ ಬಲ್ಲವರಿಗೂ ಉತ್ತರಿಸುವುದು ಕಷ್ಟವಾದೀತೆಂದು ವಿವರವಾಗಿಯೇ ಬರೆದಿದ್ದೇನೆ.

ನಮ್ಮ ತಂದೆಯವರು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಫಿಟ್ಟರ್ ಆಗಿದ್ದರು. 1968ರಲ್ಲಿ ಅವರ ಜೊತೆ ಕೆಲಸಕ್ಕಿದ್ದ ಆಂಗ್ಲೋ-ಇಂಡಿಯನ್ ಒಬ್ಬರು ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟಾಗ, ಮಂಚ, ಬೀರು, ಗ್ರಾಮಫೋನುಗಳ ಜೊತೆಗೆ ಈ ಗಿಟಾರನ್ನೂ ಮಾರಿದರಂತೆ. ಅಪ್ಪ 120 ರೂಪಾಯಿ ಕೊಟ್ಟು ತಂದರು. ಯಾರಿಂದಲೂ ಪಾಠ ಹೇಳಿಸಿಕೊಂಡವರಲ್ಲ. ಆದರೂ ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ಜಗಲಿಯ ಮೇಲೆ ಕುಳಿತು, ರೇಡಿಯೋದಲ್ಲಿ ಕೇಳಿದ ರಾಗಗಳನ್ನು ಒಂದೊಂದೇ ತಂತಿಯ ಮೇಲೆ ಹುಡುಕಿ ಹುಡುಕಿ ನುಡಿಸುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಾವು ಕೋಲಾರಕ್ಕೆ ಬಂದೆವು, ಗಿಟಾರ್ ಅಟ್ಟ ಸೇರಿತು. ಕಳೆದ ವರ್ಷ ಅಪ್ಪ ತೀರಿಕೊಂಡರು. ಅಟ್ಟ ಗುಡಿಸುವಾಗ ಅದು ಮತ್ತೆ ನನ್ನ ಕೈಗೆ ಬಂತು.

ಸೌಂಡ್‌ಹೋಲಿನ (ಮುಂಭಾಗದ ತೂತಿನ) ಒಳಗೆ ಕಂದು ಬಣ್ಣಕ್ಕೆ ತಿರುಗಿದ ಒಂದು ಚೀಟಿ ಇದೆ. ಅದರಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಕ್ರೆಮೋನಾ’, ಅದರ ಕೆಳಗೆ ‘ಲುಬಿ’, ಕೊನೆಯ ಸಾಲಿನಲ್ಲಿ ಜೆಕೊಸ್ಲೊವಾಕಿಯಾದಲ್ಲಿ ತಯಾರಾದದ್ದು ಎಂದು ಇಂಗ್ಲಿಷಿನಲ್ಲಿ ಮುದ್ರಿಸಿದ್ದಾರೆ. ಮುಂಭಾಗದ ಹಲಗೆಯ ಮೇಲೆ, ತಂತಿಗಳ ಕೆಳತುದಿಯನ್ನು ಹಿಡಿದಿರುವ ಬ್ರಿಜ್‌ನ ಕೆಳಗಿನಿಂದ ಅಂಚಿನವರೆಗೆ ಒಂದು ಗೇಣುದ್ದದ ಸೀಳಿದೆ. ಬ್ರಿಜ್‌ನ ಹಿಂದೆ ಹಲಗೆ ಸ್ವಲ್ಪ ಉಬ್ಬಿದೆ. ಆರು ಬಿರಡೆಗಳಲ್ಲಿ ಎರಡು ತಿರುಗುವುದಿಲ್ಲ.

ಬೆಂಗಳೂರಿನ ಅಂಗಡಿಯೊಂದರಲ್ಲಿ ತೋರಿಸಿದಾಗ, ಕ್ರೆಮೋನಾ ಎಂದರೆ ಇಟಲಿಯಲ್ಲಿ ಸ್ಟ್ರಾಡಿವರಿ ಪಿಟೀಲು ಮಾಡುತ್ತಿದ್ದ ಊರು, ಆದ್ದರಿಂದ ಇದು ಇಟಲಿಯ ಮನೆತನದ ವಾದ್ಯ ಎಂದರು. ಇನ್ನೊಂದು ಕಡೆ, ಇದು ಗಿಟಾರ್ ಮಾಡುವ ಹೋಫ್ನರ್ ಎಂಬ ಜರ್ಮನ್ ಕಂಪನಿಯ ಕಾರ್ಖಾನೆಯಲ್ಲೇ ಬೇರೆ ಹೆಸರಿನಲ್ಲಿ ಆದದ್ದು ಎಂದರು. ಎರಡೂ ನಿಜವಾಗಿರಲು ಸಾಧ್ಯವಿಲ್ಲವಲ್ಲ. ಮಾರುವ ಯೋಚನೆ ನನಗೆ ಖಂಡಿತ ಇಲ್ಲ. ಅಪ್ಪನ ಕೈಯಲ್ಲಿ ಅಷ್ಟು ವರ್ಷ ಇದ್ದ ವಸ್ತುವನ್ನು ಮೊದಲು ಯಾರ ಕೈ ಮಾಡಿತು, ಯಾವ ಕಾಲದಲ್ಲಿ ಮಾಡಿತು, ಅದನ್ನು ಮತ್ತೆ ನುಡಿಯುವಂತೆ ಮಾಡಬಹುದೇ ಎಂಬುದಷ್ಟೇ ನನ್ನ ಪ್ರಶ್ನೆ.

ಆರುತಂತಿ (ತುಮಕೂರು)

ಮೇಡಂ, ನಾನು ತುಮಕೂರಿನಲ್ಲಿ ಹಾರ್ಮೋನಿಯಂ ಮತ್ತು ಗಿಟಾರ್ ರಿಪೇರಿ ಮಾಡುವವನು. ನಿಮ್ಮ ಚೀಟಿಯ ಮೂರು ಸಾಲುಗಳಲ್ಲಿ ಮೊದಲನೆಯ ಸಾಲನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಉಳಿದ ಎರಡನ್ನು ಹಿಡಿದು ಹೊರಟರೆ ದಾರಿ ಸಿಗುತ್ತದೆ.

ಹಳೆಯ ಗಿಟಾರುಗಳ ಮೇಲಿರುವ ಹೆಸರು ಮಾಡಿದವನ ಹೆಸರೇ ಆಗಿರಬೇಕೆಂದಿಲ್ಲ. ಅಮೆರಿಕದ ಸಿಲ್ವರ್‌ಟೋನ್ ಗಿಟಾರುಗಳನ್ನು ತೆಗೆದುಕೊಳ್ಳಿ. ಆ ಹೆಸರಿನ ಗಿಟಾರ್ ಕಾರ್ಖಾನೆ ಎಂಬುದೇ ಇರಲಿಲ್ಲ. ಅದು ಸಿಯರ್ಸ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆ ತನ್ನ ಕ್ಯಾಟಲಾಗಿನಲ್ಲಿ ಬಳಸುತ್ತಿದ್ದ ಹೆಸರು. ಒಳಗಿನ ಗಿಟಾರನ್ನು ಮಾಡಿದವರು ಶಿಕಾಗೋದ ಹಾರ್ಮನಿಯವರು, ಅದೇ ಊರಿನ ಕೇ ಕಂಪನಿಯವರು, ಇಲ್ಲವೇ ನ್ಯೂಜೆರ್ಸಿಯಲ್ಲಿ ನೇಥನ್ ಡೇನಿಯಲ್ ಎಂಬವರು ಕಟ್ಟಿದ ಡಾನ್‌ಎಲೆಕ್ಟ್ರೋದವರು. ಈ ಮೂರನೆಯವರ ಕೆಲಸ ನನಗೆ ಬಹಳ ಇಷ್ಟ. ಮರದ ಚೌಕಟ್ಟಿನ ಮೇಲೆ ಮೇಸೊನೈಟ್ ಎಂಬ ಒತ್ತುಹಲಗೆ ಹಾಕಿ, ಲಿಪ್‌ಸ್ಟಿಕ್‌ನ ಲೋಹದ ಕೊಳವೆಯೊಳಗೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಸುರುಳಿಯನ್ನು ಕೂಡಿಸಿ, ಅಗ್ಗದ ವಸ್ತುವಿನಿಂದಲೇ ಬೇರೆ ಯಾರಿಗೂ ಸಿಗದ ಒಂದು ದನಿಯನ್ನು ಅವರು ಹೊರಡಿಸಿದರು. ಇನ್ನು ಹಾರ್ಮನಿ ಕಂಪನಿಯನ್ನು 1892ರಲ್ಲಿ ಸ್ಥಾಪಿಸಿದವರು ಜರ್ಮನಿಯಿಂದ ವಲಸೆ ಬಂದ ವಿಲ್ಹೆಲ್ಮ್ ಶುಲ್ಟ್ಸ್. ಹೀಗೆ ಒಂದು ಹೆಸರಿನ ಹಿಂದೆ ಮೂರು ಕಾರ್ಖಾನೆಗಳು, ಒಂದು ಕಾರ್ಖಾನೆಯಿಂದ ಹತ್ತಾರು ಹೆಸರುಗಳು.

ಊರಿನ ಅಥವಾ ವ್ಯಕ್ತಿಯ ಹೆಸರನ್ನು ಎರವಲು ಪಡೆಯುವುದೂ ಉಂಟು. ಐಬನೆಜ್ ಎಂಬುದು ಸ್ಪೇನಿನ ವಲೆನ್ಸಿಯಾದ ಸಾಲ್ವಡೋರ್ ಇಬಾನೆಜ್ ಎಂಬ ಗಿಟಾರ್ ಕುಶಲಕರ್ಮಿಯ ಹೆಸರು. ಜಪಾನಿನ ನಗೋಯಾದಲ್ಲಿ 1908ರಲ್ಲಿ ಆರಂಭವಾದ ಹೋಶಿನೋ ಗಕ್ಕಿ ಸಂಸ್ಥೆ ಆ ಗಿಟಾರುಗಳನ್ನು ತರಿಸಿ ಮಾರುತ್ತಿತ್ತು, ಮುಂದೆ ತನ್ನದೇ ವಾದ್ಯಗಳಿಗೆ ಆ ಹೆಸರಿಟ್ಟಿತು. ನಮ್ಮ ಕೋಲ್ಕತ್ತದ ಗಿವ್ಸನ್ ಗಿಟಾರನ್ನು ನೋಡಿ: ಅಮೆರಿಕದ ಗಿಬ್ಸನ್ ಹೆಸರಿಗೂ ಇದಕ್ಕೂ ಒಂದೇ ಅಕ್ಷರದ ಅಂತರ. ಈ ಭಾಗದ ಎಷ್ಟೋ ಮಕ್ಕಳು ಮೊದಲ ಪಾಠ ಕಲಿತದ್ದು ಆ ಗಿವ್ಸನ್ ಮೇಲೆಯೇ ಎಂಬುದರಿಂದ ನನಗೆ ಅದರ ಬಗ್ಗೆ ಗೌರವವೇ ಇದೆ.

ಈಗ ನಿಮ್ಮ ಗಿಟಾರಿನ ಕಾಲಕ್ಕೆ ಬರುತ್ತೇನೆ. ಚೀಟಿಯ ಮೇಲಿರುವ ದೇಶದ ಹೆಸರೇ ಒಂದು ಪಂಚಾಂಗವಿದ್ದಂತೆ. ಪಶ್ಚಿಮ ಜರ್ಮನಿ ಎಂದಿದ್ದರೆ ಅದು 1949 ಮತ್ತು 1990ರ ನಡುವಿನದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಮಹಾಯುದ್ಧದ ನಂತರದ ಕೆಲವೇ ವರ್ಷಗಳಲ್ಲಿ, 1952ರೊಳಗೆ ಆದದ್ದು. ಜೆಕೊಸ್ಲೊವಾಕಿಯಾ ಎಂಬ ದೇಶ ಹುಟ್ಟಿದ್ದು 1918ರಲ್ಲಿ, ಎರಡಾಗಿ ಒಡೆದದ್ದು 1993ರ ಜನವರಿ 1ರಂದು. ಆದರೆ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ‘ಲುಬಿ’ ಎಂಬ ಊರಿನ ಹೆಸರು. ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಆ ಊರನ್ನು ಲೋಕವೆಲ್ಲ ಶೋನ್‌ಬಾಖ್ ಎಂಬ ಜರ್ಮನ್ ಹೆಸರಿನಿಂದ ಕರೆಯುತ್ತಿತ್ತು. ಯುದ್ಧದ ನಂತರ ಅಲ್ಲಿನ ವಾದ್ಯ ಕಮ್ಮಟಗಳನ್ನು ಸರ್ಕಾರ ವಶಪಡಿಸಿಕೊಂಡು ಒಟ್ಟುಗೂಡಿಸಿ ಕಟ್ಟಿದ ಸಂಸ್ಥೆಯ ಹೆಸರೇ ಕ್ರೆಮೋನಾ. ಆದ್ದರಿಂದ ನಿಮ್ಮ ಗಿಟಾರ್ 1946ಕ್ಕಿಂತ ಹಿಂದಿನದಲ್ಲ. ನಿಮ್ಮ ತಂದೆಯವರು ಕೊಂಡದ್ದು 1968ರಲ್ಲಿ. ಇಪ್ಪತ್ತೆರಡು ವರ್ಷಗಳ ಅವಧಿಯೊಳಗೆ ಅದು ಸಿಕ್ಕಿತು.

ಇಟಲಿಯ ಕ್ರೆಮೋನಾ ನಗರಕ್ಕೂ ಇದಕ್ಕೂ ಇರುವ ಸಂಬಂಧ ಬರೀ ಗೌರವದ್ದು. ಅಮಾಟಿ, ಗ್ವಾರ್ನೆರಿ, ಸ್ಟ್ರಾಡಿವರಿ ಮನೆತನಗಳ ಊರಿನ ಹೆಸರನ್ನು ಪಿಟೀಲು ಮಾಡುವ ಇನ್ನೊಂದು ಊರು ತನ್ನ ಸಂಸ್ಥೆಗೆ ಇಟ್ಟುಕೊಂಡಿತು.

ಹಳೆರಾಗ (ಮುಳಬಾಗಿಲು)

ನನ್ನ ಸೋದರಮಾವನವರ ಬಳಿ ಹೋಫ್ನರ್ ಸೆನೆಟರ್ ಗಿಟಾರ್ ಇತ್ತು. ಲಂಡನ್ನಿನ ಸೆಲ್ಮರ್ ಸಂಸ್ಥೆ ಆಗ ಹೋಫ್ನರ್ ಗಿಟಾರುಗಳನ್ನು ಸೆನೆಟರ್, ಪ್ರೆಸಿಡೆಂಟ್, ಕಮಿಟಿ ಎಂಬ ಹೆಸರುಗಳಲ್ಲಿ ಮಾರುತ್ತಿತ್ತು. ಬ್ರಿಟನ್ ಸರ್ಕಾರ 1951ರಿಂದ 1959ರವರೆಗೆ ಅಮೆರಿಕದ ವಾದ್ಯಗಳ ಆಮದನ್ನು ತಡೆದಿದ್ದರಿಂದ ಅಲ್ಲಿನ ಹುಡುಗರೆಲ್ಲ ಯುರೋಪಿನ ಗಿಟಾರುಗಳನ್ನೇ ಹಿಡಿಯಬೇಕಾಯಿತು ಎಂಬುದನ್ನೂ ಕೇಳಿದ್ದೇನೆ. ಹೋಫ್ನರ್ ಕೂಡ ಶೋನ್‌ಬಾಖಿನದೇ ಎಂದಾದರೆ, ಅಂಗಡಿಯವರು ಹೇಳಿದ ಎರಡನೆಯ ಮಾತು ಸರಿಯೇ ಅಲ್ಲವೇ? ಹೋಫ್ನರ್ ಕಾರ್ಖಾನೆಗೇ ಹೆಸರು ಬದಲಾಯಿಸಿ ಕ್ರೆಮೋನಾ ಎಂದಿಟ್ಟರು ಎಂದು ತಿಳಿಯಬಹುದೇ?

ಗೂಡುನೂಲು (ಶಿಡ್ಲಘಟ್ಟ)

ಮುಳಬಾಗಿಲಿನ ಮಿತ್ರರ ಪ್ರಶ್ನೆಗೆ ಹೌದು ಎಂದರೂ ತಪ್ಪಾಗುತ್ತದೆ, ಅಲ್ಲ ಎಂದರೂ ತಪ್ಪಾಗುತ್ತದೆ. ಇದರ ಹಿಂದೆ ಒಂದು ದೊಡ್ಡ ಕಥೆಯಿದೆ. ನನಗೆ ಈ ಊರುಗಳ ಇತಿಹಾಸದಲ್ಲಿ ಹಲವು ವರ್ಷಗಳ ಆಸಕ್ತಿ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಇಂದಿನ ಜೆಕ್ ಗಣರಾಜ್ಯದ ಪಶ್ಚಿಮದ ತುದಿಯಲ್ಲಿ ಲುಬಿ ಇದೆ. ಗಡಿ ದಾಟಿದರೆ ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಮಾರ್ಕ್‌ನಾಯ್‌ಕಿರ್ಖೆನ್. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ನಡೆದು ಸೇರುವಷ್ಟು ಹತ್ತಿರದ ಊರುಗಳಿವು. ಧರ್ಮದ ಕಾರಣಕ್ಕೆ ಬೊಹೀಮಿಯಾ (ಇಂದಿನ ಜೆಕ್ ಗಣರಾಜ್ಯದ ಪಶ್ಚಿಮ ಭಾಗ) ಬಿಟ್ಟು ಬಂದ ಪಿಟೀಲು ಕುಶಲಕರ್ಮಿಗಳು 1677ರಲ್ಲಿ ಮಾರ್ಕ್‌ನಾಯ್‌ಕಿರ್ಖೆನ್‌ನಲ್ಲಿ ತಮ್ಮ ಕಸುಬಿನ ಸಂಘ ಕಟ್ಟಿದರು. ಅದೇ ಊರಿನಲ್ಲಿ 1796ರಲ್ಲಿ ಹುಟ್ಟಿದವರು ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್. ಅವರ ತಂದೆ ಪೀಠೋಪಕರಣ ಮಾಡುವ ಬಡಗಿಗಳ ಸಂಘಕ್ಕೆ ಸೇರಿದವರು. ಗಿಟಾರ್ ಮಾಡುವ ಹಕ್ಕು ತಮಗೆ ಮಾತ್ರ ಸೇರಿದ್ದು, ಬಡಗಿಗಳಿಗಲ್ಲ ಎಂದು ಪಿಟೀಲು ಕುಶಲಕರ್ಮಿಗಳ ಸಂಘ ವರ್ಷಗಟ್ಟಲೆ ತಕರಾರು ಮಾಡಿತು. ವಿಯೆನ್ನಾದಲ್ಲಿ ಸ್ಟಾಫರ್ ಎಂಬ ಹೆಸರಾಂತ ಗುರುವಿನ ಬಳಿ ದುಡಿದು ಬಂದಿದ್ದ ಮಾರ್ಟಿನ್ 1833ರಲ್ಲಿ ಊರು ಬಿಟ್ಟು ಅಮೆರಿಕಕ್ಕೆ ಹೋದರು. ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿರುವ ಮಾರ್ಟಿನ್ ಕಂಪನಿ ಹುಟ್ಟಿದ್ದು ಹಾಗೆ.

ಗಡಿಯ ಈಚೆಗಿನ ಶೋನ್‌ಬಾಖ್‌ನಲ್ಲಿ ಕಾರ್ಖಾನೆಗಿಂತ ಮನೆಗೆಲಸವೇ ಹೆಚ್ಚು. ಒಂದು ಮನೆಯಲ್ಲಿ ಪಿಟೀಲಿನ ತಲೆಯ ಸುರುಳಿಯನ್ನು ಮಾತ್ರ ಕೆತ್ತುವರು, ಇನ್ನೊಂದು ಮನೆಯಲ್ಲಿ ಬೆನ್ನಿನ ಹಲಗೆ, ಮತ್ತೊಂದು ಮನೆಯಲ್ಲಿ ಕಮಾನು. ಸಗಟು ವ್ಯಾಪಾರಿ ಇವನ್ನೆಲ್ಲ ಕೊಂಡು, ಜೋಡಿಸಿ, ಬಣ್ಣ ಹಾಕಿಸಿ, ತನಗೆ ಬೇಕಾದ ಚೀಟಿ ಅಂಟಿಸಿ ಹಡಗು ಹತ್ತಿಸುತ್ತಿದ್ದ. ಸ್ಟ್ರಾಡಿವರಿಯ ಹೆಸರು ಅಚ್ಚಾದ ಸಾವಿರಾರು ಪಿಟೀಲುಗಳು ಹುಟ್ಟಿದ್ದು ಈ ಎರಡು ಊರುಗಳ ಮನೆಗಳಲ್ಲಿ. ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನಮ್ಮದು ರೇಷ್ಮೆ ರೀಲಿಂಗ್ ಮಾಡುವ ಮನೆ. ಹಳ್ಳಿಯ ರೈತ ಹುಳು ಸಾಕಿ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ತರುತ್ತಾನೆ, ನಾವು ಅದನ್ನು ಕುದಿಯುವ ನೀರಿಗೆ ಹಾಕಿ ಎಳೆ ಹಿಡಿದು ನೂಲು ಬಿಚ್ಚುತ್ತೇವೆ, ಹುರಿ ಹಾಕುವವರು ಬೇರೆ, ಬಣ್ಣ ಕಟ್ಟುವವರು ಬೇರೆ, ನೇಯುವವರು ಇನ್ನೊಂದು ಊರಿನವರು. ಕೊನೆಗೆ ಸೀರೆಯ ಮೇಲೆ ಇರುವುದು ಅಂಗಡಿಯ ಹೆಸರು. ನೀರಿನಲ್ಲಿ ಬೆರಳ ತುದಿ ಬಿಳುಚಿಕೊಂಡ ನಮ್ಮ ತಾಯಿಯ ಹೆಸರು ಯಾವ ಸೀರೆಯ ಮೇಲೂ ಬರಲಿಲ್ಲ. ಆದ್ದರಿಂದಲೇ ‘ಮೊದಲು ಯಾರ ಕೈ ಮಾಡಿತು’ ಎಂದು ನೀವು ಕೇಳಿದ ಪ್ರಶ್ನೆ ನನ್ನ ಮನಸ್ಸಿಗೆ ತಟ್ಟಿತು.

ಕಾರ್ಲ್ ಹೋಫ್ನರ್ ತಮ್ಮ ಕಮ್ಮಟವನ್ನು ತೆರೆದದ್ದು 1887ರಲ್ಲಿ, ಇದೇ ಶೋನ್‌ಬಾಖ್‌ನಲ್ಲಿ. ಮಕ್ಕಳಾದ ಯೋಸೆಫ್ ಮತ್ತು ವಾಲ್ಟರ್ ಸೇರಿಕೊಂಡ ಮೇಲೆ ಅದು ದೊಡ್ಡ ಸಂಸ್ಥೆಯಾಯಿತು. 1945ರಲ್ಲಿ ಯುದ್ಧ ಮುಗಿದ ಮೇಲೆ ಜೆಕೊಸ್ಲೊವಾಕಿಯಾ ತನ್ನಲ್ಲಿದ್ದ ಜರ್ಮನ್ ಭಾಷಿಕರನ್ನು ಹೊರಹಾಕಿತು. ಸುಮಾರು 30 ಲಕ್ಷ ಜನ ಮನೆಮಠ ಕಳೆದುಕೊಂಡರು. ಶೋನ್‌ಬಾಖಿನ ವಾದ್ಯ ಕುಶಲಕರ್ಮಿಗಳೂ ಕೈಗೆ ಸಿಕ್ಕಷ್ಟು ಸಾಮಾನು ಕಟ್ಟಿಕೊಂಡು ಗಡಿ ದಾಟಿದರು. ಅದೇ ಊರಿನ ಫ್ರೆಡ್ ವಿಲ್ಫರ್ 1946ರಲ್ಲಿ ಎರ್ಲಾಂಗೆನ್‌ನಲ್ಲಿ ಫ್ರಾಮುಸ್ ಸಂಸ್ಥೆಯನ್ನು ಸ್ಥಾಪಿಸಿ, ಚದುರಿಹೋಗಿದ್ದ ಕುಶಲಕರ್ಮಿಗಳನ್ನು ಹುಡುಕಿ ಹುಡುಕಿ ಒಂದೆಡೆ ಸೇರಿಸತೊಡಗಿದರು. ಎರ್ಲಾಂಗೆನ್ ಪಕ್ಕದ ಬೂಬೆನ್‌ರಾಯ್ಟ್ ಆಗ ಕೆಲವೇ ನೂರು ಜನರಿದ್ದ ಹಳ್ಳಿ. 1949ರಲ್ಲಿ ಆ ಹಳ್ಳಿಯ ಪಂಚಾಯಿತಿ ತನ್ನ ಜನಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚಿನ ಈ ನಿರಾಶ್ರಿತರಿಗೆ ನೆಲೆ ಕೊಡಲು ಒಪ್ಪಿತು. ನನ್ನ ದೃಷ್ಟಿಯಲ್ಲಿ ಗಿಟಾರಿನ ಇತಿಹಾಸದಲ್ಲಿ ಯಾವ ಕಂಪನಿಯ ಸ್ಥಾಪನೆಗಿಂತಲೂ ದೊಡ್ಡ ಘಟನೆ ಆ ಪಂಚಾಯಿತಿಯ ತೀರ್ಮಾನ. ಹೋಫ್ನರ್ ಕುಟುಂಬವೂ ಅಲ್ಲಿಗೇ ಬಂತು. ವಾಲ್ಟರ್ ಹೋಫ್ನರ್ 1950ರ ದಶಕದ ಮಧ್ಯದಲ್ಲಿ ಪಿಟೀಲಿನ ಆಕಾರದ ಬೇಸ್ ಗಿಟಾರನ್ನು ರೂಪಿಸಿದ್ದೂ, ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಅದನ್ನು ಕೊಂಡದ್ದೂ ಬಹಳ ಜನ ಬಲ್ಲ ಸಂಗತಿ.

ಹೀಗೆ ಹೋಫ್ನರ್ ಎಂಬ ಹೆಸರೂ ಮನೆತನವೂ ಪಶ್ಚಿಮ ಜರ್ಮನಿಗೆ ಹೋದವು. ಊರು, ಕಟ್ಟಡಗಳು, ಯಂತ್ರಗಳು, ಒಣಗಿಸಿಟ್ಟ ಮರ, ಇವೆಲ್ಲ ಲುಬಿಯಲ್ಲೇ ಉಳಿದು ಕ್ರೆಮೋನಾದ ಪಾಲಾದವು. ಕಸುಬು ನಿಂತುಹೋಗಬಾರದೆಂದು ಕೆಲವು ಜರ್ಮನ್ ಕುಶಲಕರ್ಮಿಗಳನ್ನು ಅಲ್ಲೇ ಉಳಿಸಿಕೊಂಡದ್ದೂ ಉಂಟು. ಒಂದು ಕೂಡು ಕುಟುಂಬ ಪಾಲಾದಾಗ ಒಬ್ಬರಿಗೆ ಮನೆತನದ ಹೆಸರು, ಇನ್ನೊಬ್ಬರಿಗೆ ಹಳೆಯ ಮನೆ ಬರುವುದಿಲ್ಲವೇ, ಹಾಗೆ. ಮೇಡಂ ಅವರ ಗಿಟಾರ್ ಹೋಫ್ನರ್ ಅಲ್ಲ. ಆದರೆ ಹೋಫ್ನರ್ ಹುಟ್ಟಿದ ಊರಿನಲ್ಲೇ ಅದೂ ಹುಟ್ಟಿದೆ. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ, 1990ರ ದಶಕದಲ್ಲಿ, ಕ್ರೆಮೋನಾದ ಜಾಗದಲ್ಲಿ ಸ್ಟ್ರುನಾಲ್ ಎಂಬ ಸಂಸ್ಥೆ ಬಂತು.

ಅಂತರಗಂಗೆ (ಕೋಲಾರ)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆ.ಜಿ.ಎಫ್. ಬಿಟ್ಟು ಬಂದ ನಮಗೆ ಊರು ಬಿಟ್ಟವರ ಕಥೆ ಹೊಸದಲ್ಲ; ಶೋನ್‌ಬಾಖಿನ ಭಾಗವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಇನ್ನೆರಡು ಸಣ್ಣ ಪ್ರಶ್ನೆಗಳಿವೆ. ಗಿಟಾರಿನ ಬೆನ್ನು ಕಡು ಕಂದು ಬಣ್ಣದ್ದು. ಅದು ನಮ್ಮ ಬೀಟೆ ಮರವಿರಬಹುದೇ? ಹಾಗೆಯೇ ಸೀಳನ್ನು ಸರಿಪಡಿಸಲು ಇಲ್ಲಿನ ಬಡಗಿಯೊಬ್ಬರು ಫೆವಿಕಾಲ್ ತುಂಬಿ, ಮೇಲಿನ ಹಳೆಯ ಪಾಲಿಶ್ ಉಜ್ಜಿ ತೆಗೆದು, ಹೊಸದಾಗಿ ವಾರ್ನಿಷ್ ಹೊಡೆದುಕೊಡುತ್ತೇನೆ ಎಂದಿದ್ದಾರೆ. ಕೊಡಬಹುದೇ?

ಆರುತಂತಿ (ತುಮಕೂರು)

ದಯವಿಟ್ಟು ಕೊಡಬೇಡಿ. ಆ ಬಡಗಿಯವರು ಬಾಗಿಲು ಕಿಟಕಿಗಳ ಕೆಲಸದಲ್ಲಿ ಎಷ್ಟೇ ನಿಪುಣರಾಗಿರಲಿ, ಗಿಟಾರಿನ ಮುಂಭಾಗದ ಹಲಗೆ ಮೂರು ಮಿಲಿಮೀಟರಿಗಿಂತ ದಪ್ಪವಿರುವುದು ಅಪರೂಪ. ಉಜ್ಜಿದಷ್ಟೂ ಅದು ತೆಳುವಾಗುತ್ತದೆ, ಮೇಲೆ ದಪ್ಪನೆಯ ವಾರ್ನಿಷ್ ಬಿದ್ದರೆ ದನಿ ಕಟ್ಟಿಹೋಗುತ್ತದೆ. ಸೀಳನ್ನು ಒಳಗಿನಿಂದ ಸರಿಪಡಿಸಬೇಕು. ಸೀಳಿನ ಅಂಚುಗಳನ್ನು ಅಂಟು ಹಾಕಿ ಕೂಡಿಸಿ, ಒಳಬದಿಯಲ್ಲಿ ಬೆರಳುಗುರಿನಷ್ಟು ಅಗಲದ ಸ್ಪ್ರೂಸ್ ಮರದ ಬಿಲ್ಲೆಗಳನ್ನು, ಅವುಗಳ ಎಳೆ ಹಲಗೆಯ ಎಳೆಗೆ ಅಡ್ಡವಾಗಿ ಬರುವಂತೆ, ಸಾಲಾಗಿ ಅಂಟಿಸುತ್ತೇವೆ. ಆಗ ಸೀಳು ಮುಂದಕ್ಕೆ ಓಡುವುದಿಲ್ಲ.

ಬೀಟೆಯ ವಿಷಯ. ಸೌಂಡ್‌ಹೋಲಿನ ಮೂಲಕ ಟಾರ್ಚ್ ಬಿಟ್ಟು, ಮುಖ ನೋಡುವ ಚಿಕ್ಕ ಕನ್ನಡಿಯೊಂದನ್ನು ಒಳಗೆ ಹಿಡಿದು ನೋಡಿ. ಬೆನ್ನಿನ ಹೊರಬದಿಯಲ್ಲಿ ಕಾಣುವ ಗೆರೆಗಳೇ ಒಳಬದಿಯಲ್ಲೂ ಅದೇ ಜಾಗದಲ್ಲಿ ಕಂಡರೆ ಅದು ಅಖಂಡ ಮರ. ಹೊರಗೆ ಕಂದು, ಒಳಗೆ ಬೆಳ್ಳಗಿನ ಬೇರೆಯೇ ಮರ ಕಂಡರೆ ಪ್ಲೈವುಡ್ಡಿಗೆ ಬಣ್ಣ ಹಾಕಿದ್ದಾರೆಂದು ತಿಳಿಯಬೇಕು. ಪ್ಲೈವುಡ್ ಆದರೆ ಬೇಸರಪಡಬೇಡಿ. ಆ ಕಾಲದ ಯುರೋಪಿನ ಸಾಮಾನ್ಯ ಗಿಟಾರುಗಳು ಬಹುಪಾಲು ಹಾಗೆಯೇ ಆದವು, ಮತ್ತು ನಮ್ಮ ಬಿಸಿಲಿಗೆ ಬೆನ್ನು ಸೀಳದೆ ಉಳಿದಿರುವುದಕ್ಕೆ ಅದೂ ಒಂದು ಕಾರಣ.

ಬೀಟೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳಬೇಕೆನಿಸುತ್ತದೆ. ಶಿಡ್ಲಘಟ್ಟದವರು ಹೇಳಿದ ಆ ಮಾರ್ಟಿನ್ ಕಂಪನಿ ಬಹುಕಾಲ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿತ್ತು. ಅಲ್ಲಿಂದ ದಿಮ್ಮಿಗಳ ರಫ್ತು ನಿಂತ ಮೇಲೆ, 1969ರ ಕೊನೆಯ ವೇಳೆಗೆ, ಅವರು ಭಾರತದ ರೋಸ್‌ವುಡ್ಡಿಗೆ ಬದಲಾಯಿಸಿಕೊಂಡರು. ಅದು ನಮ್ಮ ಪಶ್ಚಿಮ ಘಟ್ಟದ ಬೀಟೆಯೇ. ಗಿಟಾರುಗಳ ಬಗ್ಗೆ ನಾವು ಮಾತನಾಡುವಾಗ ಎಲ್ಲವೂ ಹೊರಗಿನಿಂದ ಬಂದದ್ದು ಎಂಬ ಭಾವನೆ ಇರುತ್ತದೆ. ಅಂದಿನಿಂದ ಲೋಕದ ಒಳ್ಳೆಯ ಗಿಟಾರುಗಳ ಬೆನ್ನಾಗಿರುವುದು ನಮ್ಮ ಕಾಡಿನ ಮರ ಎಂದು ನೆನೆದಾಗ ನನಗೆ ಬಹಳ ಸಂತೋಷವಾಗುತ್ತದೆ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟೇ. ತಂತಿಗಳನ್ನು ಪೂರ್ತಿ ಸಡಿಲಿಸಿ. ಬಿಸಿಲಿಗೆ ಇಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಚೀಟಿಯನ್ನು ಮುಟ್ಟಬೇಡಿ. ತಿರುಗದ ಬಿರಡೆಗಳನ್ನು ಇಕ್ಕಳ ಹಿಡಿದು ತಿರುಗಿಸಬೇಡಿ, ಹಲ್ಲು ಮುರಿದರೆ ಅದೇ ಅಳತೆಯದು ಸಿಗುವುದು ಕಷ್ಟ. ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಎರಡು ದಿನ ಬಿಡಿ.

ಅಂತರಗಂಗೆ (ಕೋಲಾರ)

ಸರ್, ನಿನ್ನೆ ರಾತ್ರಿ ಕನ್ನಡಿ ಹಿಡಿದು ನೋಡಿದೆ. ಬೆನ್ನಿನ ಒಳಬದಿ ಬೆಳ್ಳಗಿದೆ. ಪ್ಲೈವುಡ್ಡೇ ಎಂದು ಖಚಿತವಾಯಿತು.

ಆದರೆ ಕನ್ನಡಿಯನ್ನು ಮೇಲ್ಮುಖವಾಗಿ ತಿರುಗಿಸಿದಾಗ ಬೇರೊಂದು ಕಂಡಿತು. ಮುಂಭಾಗದ ಹಲಗೆಗೆ ಒಳಗಿನಿಂದ ಆಸರೆ ಕೊಟ್ಟಿರುವ ಪಟ್ಟಿಗಳಲ್ಲಿ, ನೆಕ್‌ಗೆ ಹತ್ತಿರದ ಪಟ್ಟಿಯ ಮೇಲೆ ಸೀಸದ ಕಡ್ಡಿಯಲ್ಲಿ ಬರೆದ 47 ಎಂಬ ಅಂಕಿ ಇದೆ. ನಾಲ್ಕಕ್ಕೂ ಏಳಕ್ಕೂ ಅಡ್ಡಗೆರೆ ಎಳೆದಿದ್ದಾರೆ. ಸೀಳಿನ ಕೆಳಗೆ ಯಾರೋ ಹಿಂದೆಯೇ ಒಂದು ಬಟ್ಟೆಯ ಪಟ್ಟಿಯನ್ನು ಅಂಟಿಸಿದ್ದಾರೆ. ನೀಲಿ ಬಣ್ಣದ ದಪ್ಪ ಬಟ್ಟೆ, ಅಪ್ಪ ಗಣಿಗೆ ತೊಟ್ಟು ಹೋಗುತ್ತಿದ್ದ ಅಂಗಿಯದು. ಅಮ್ಮ ನೋಡಿದ ತಕ್ಷಣ ಗುರುತಿಸಿದರು. ಆ ಸೀಳು ನಾನು ತಿಳಿದಂತೆ ಅಟ್ಟದ ಮೇಲೆ ಆದದ್ದಲ್ಲ. ಅಪ್ಪನ ಕಾಲದಲ್ಲೇ ಆಗಿ, ಅವರೇ ಅದನ್ನು ಸರಿಪಡಿಸಿ ಎಷ್ಟೋ ವರ್ಷ ನುಡಿಸಿದ್ದಾರೆ.

ಬರುವ ಭಾನುವಾರ ತುಮಕೂರಿಗೆ ತರುತ್ತೇನೆ. ಸ್ಪ್ರೂಸ್ ಬಿಲ್ಲೆಗಳನ್ನು ಹಾಕುವಾಗ ಆ ಬಟ್ಟೆಯನ್ನು ತೆಗೆಯದೆ ಕೆಲಸ ಮಾಡಲು ಸಾಧ್ಯವೇ?

ಆರುತಂತಿ (ತುಮಕೂರು)

ಸಾಧ್ಯವಿದೆ. ಬಟ್ಟೆ ಗಟ್ಟಿಯಾಗಿ ಹಿಡಿದಿರುವಷ್ಟು ಉದ್ದಕ್ಕೆ ಅದನ್ನು ಹಾಗೆಯೇ ಬಿಟ್ಟು, ಅದು ಬಿಟ್ಟುಕೊಂಡಿರುವ ಕಡೆ ಮಾತ್ರ ಬಿಲ್ಲೆ ಹಾಕುತ್ತೇನೆ. ಬರುವಾಗ ಗಿಟಾರನ್ನು ಬಸ್ಸಿನ ಮೇಲೆ ಹಾಕಬೇಡಿ, ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ.